‘ಯಾರ ಮೊಳ’ ಮೇಡಂ

ಅವರು ತೀರಿಕೊಂಡ ಸುದ್ದಿ ಕಾಲೇಜಿನ ಹಳೆಯ ಸಿಬ್ಬಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ನಾನು ತ್ಯಾಗರಾಜನಗರದ ನಮ್ಮ ಮನೆ ಹತ್ತಿರದ ಹಾಲಿನ ಬೂತಿನಲ್ಲಿ ನಿಂತಿದ್ದೆ. ಹತ್ತು ನಿಮಿಷದಲ್ಲಿ ಪರದೆಯ ತುಂಬ ಕೈಮುಗಿದ ಚಿತ್ರಗಳು. ಯಾರೋ ಒಬ್ಬರು ‘ತುಂಬ ಸರಳ, ಮೃದು ಸ್ವಭಾವದವರು’ ಎಂದು ಬರೆದರು. ಅದರ ಕೆಳಗೆ ಇನ್ನೂ ಆರು ಜನ ‘ನಿಜ’ ಎಂದರು. ನನಗೆ ಸಿಟ್ಟು ಬಂತು. ಅವರು ಸರಳವೂ ಅಲ್ಲ, ಮೃದುವೂ ಅಲ್ಲ. ಹತ್ತೊಂಬತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಅವರ ಎದುರಿಗೆ ಕೂತವನು ನಾನು. ಸತ್ತವರನ್ನೆಲ್ಲ ಹೀಗೆ ಒಂದೇ ಅಚ್ಚಿಗೆ ಹಾಕಿ ತೆಗೆಯುವುದನ್ನು ಕಂಡಿದ್ದರೆ ಅವರೇ ಮೊದಲು ಕೇಳುತ್ತಿದ್ದರು: “ಇದೇ ಗುಂಪಲ್ಲಿ ಸತ್ತ ಗಂಡಸರಿಗೆ ಎಷ್ಟು ಸಲ ‘ಮೃದು’ ಅಂತ ಬರ್ದಿದ್ದೀರಾ, ಎಣಿಸಿ ನೋಡಣ.”

ಅವರ ಹೆಸರು ಬರೆಯುವುದಿಲ್ಲ. ಜಯನಗರದ ನಮ್ಮ ಕಾಲೇಜಿನ ಮಕ್ಕಳೂ ಹೆಸರು ಹೇಳುತ್ತಿರಲಿಲ್ಲ, ‘ಯಾರ ಮೊಳ ಮೇಡಂ’ ಎನ್ನುತ್ತಿದ್ದರು. ಪ್ರತಿ ವರ್ಷ ಸಮಾಜಶಾಸ್ತ್ರದ ಮೊದಲ ತರಗತಿಯನ್ನು ಅವರು ಕೋಣೆಯಲ್ಲಿ ಮಾಡುತ್ತಲೇ ಇರಲಿಲ್ಲ. ಮಕ್ಕಳನ್ನು ಫೋರ್ತ್ ಬ್ಲಾಕಿನ ಹೂವಿನ ಸಾಲಿಗೆ ಕರೆದುಕೊಂಡು ಹೋಗಿ, ಸೇವಂತಿಗೆ ಮೊಳ ಹಾಕುವುದನ್ನು ಅರ್ಧ ಗಂಟೆ ಸುಮ್ಮನೆ ನೋಡಿ ಎನ್ನುತ್ತಿದ್ದರು. ಹೂವಮ್ಮನ ಮೊಳ ಒಂದು, ಪಕ್ಕದಲ್ಲಿ ಕೂತ ಅವಳ ಗಂಡನ ಮೊಳ ಇನ್ನೊಂದು. ಕಾರಿನಿಂದ ಇಳಿದವರಿಗೆ ಬೀಳುವ ಮೊಳ ಒಂದು, ದಿನಾ ಬಂದು ಕಷ್ಟಸುಖ ಮಾತಾಡುವ ಅಜ್ಜಿಗೆ ಬೀಳುವ ಮೊಳವೇ ಬೇರೆ. ವಾಪಸ್ ಬಂದ ಮೇಲೆ ಒಂದೇ ಪ್ರಶ್ನೆ: “ಒಂದು ಮೊಳ ಅಂದ್ರೆ ಎಷ್ಟ್ರಪ್ಪಾ?” ಮಕ್ಕಳು ತಡವರಿಸಿದರೆ, “ಮೊದ್ಲು ಯಾರ ಮೊಳ ಅಂತ ಕೇಳಿ” ಎನ್ನುತ್ತಿದ್ದರು. ಅಲ್ಲಿಂದ ಮುಂದೆ ಮೂರು ವರ್ಷವೂ ಶಿಸ್ತು, ಸಂಪ್ರದಾಯ, ಯೋಗ್ಯತೆ, ಯಾವ ಮಾತು ಬಂದರೂ ಅವರು ಅದೊಂದನ್ನೇ ಕೇಳುತ್ತಿದ್ದರು.

ನಾನು ವಾಣಿಜ್ಯ ವಿಭಾಗದವನು. ನಮ್ಮಲ್ಲಿ ಒಂದು ಸೆಕ್ಷನ್ನಿನಲ್ಲಿ ಎಂಬತ್ತು ಮಕ್ಕಳು, ಅವರ ವಿಭಾಗಕ್ಕೆ ಹನ್ನೆರಡು ಮಕ್ಕಳು ಬಂದರೆ ಹಬ್ಬ. ಅವರನ್ನು ರೇಗಿಸುವುದು ನನಗೆ ಕಾಫಿಯ ಜೊತೆಗಿನ ಬಿಸ್ಕತ್ತಿನಂತೆ ಅಭ್ಯಾಸವಾಗಿತ್ತು.

“ನಿಮ್ಮ ಸಬ್ಜೆಕ್ಟಲ್ಲಿ ಫೇಲಾಗಬೇಕಾದ್ರೇ ಕಷ್ಟಪಡಬೇಕು ಮೇಡಂ” ಎಂದೆ ಒಮ್ಮೆ.

“ಹೌದು ಸಾರ್. ಪರೀಕ್ಷೇಲಿ ಎಲ್ರೂ ಪಾಸು. ಆಮೇಲೆ ಮನೆ ಬಾಡಿಗೆ ಕೊಡುವಾಗ, ಮಗಳಿಗೆ ಗಂಡು ನೋಡುವಾಗ ಎಲ್ರೂ ಫೇಲು.”

ಇಡೀ ರೂಮು ನಕ್ಕಿತು. ಹಿಂದಿನ ತಿಂಗಳಷ್ಟೇ ನಮ್ಮ ಮಹಡಿಯ ಮನೆ ಬಾಡಿಗೆಗೆ ಕೇಳಿ ಬಂದವರನ್ನು ನಾನು ‘ನೀವು ಯಾವ ಕಡೆಯವರು’ ಎಂದು ಕೇಳಿ ಕಳಿಸಿದ್ದೆ. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ನಗು ಬರಲಿಲ್ಲ.

ಅವರ ಬಳಿ ಯಾವಾಗಲೂ ಇನ್ನೂರು ಪುಟದ ಒಂದು ನೋಟ್‌ಬುಕ್ ಇರುತ್ತಿತ್ತು. ಎಡಗಡೆ ಪುಟದಲ್ಲಿ ಕಂಡದ್ದು, ಬಲಗಡೆಯದರಲ್ಲಿ ಅನ್ನಿಸಿದ್ದು. ಎರಡೂ ಕಲೆಯಬಾರದು. ಮಕ್ಕಳಿಗೂ ಹಾಗೇ ಬರೆಸುತ್ತಿದ್ದರು. ‘ಅವನು ಸೋಮಾರಿ’ ಎಂದು ಯಾರಾದರೂ ಎಡಗಡೆ ಬರೆದರೆ ಕೆಂಪು ಶಾಯಿಯಲ್ಲಿ ಗೀಟು ಎಳೆದು, “ಸೋಮಾರಿತನ ಕಣ್ಣಿಗೆ ಕಾಣ್ಸುತ್ತೇನೋ? ಅವನು ಎಷ್ಟು ಗಂಟೆಗೆ ಎದ್ದ, ಎಲ್ಲಿ ಮಲಗಿದ್ದ, ಅದು ಬರಿ” ಎನ್ನುತ್ತಿದ್ದರು. ಕೋಪ ಬಂದರೆ ಅವರ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಕನ್ನಡಕವನ್ನು ಸೀರೆಯ ಸೆರಗಿನಲ್ಲಿ ಒರೆಸಲು ಶುರುಮಾಡಿದರೆಂದರೆ ಮುಂದಿನ ಮಾತು ಚುಚ್ಚುತ್ತದೆ ಎಂದೇ ಅರ್ಥ.

ತಪ್ಪೇ ಮಾಡದವರೇನಲ್ಲ. ನಮ್ಮ ಅಟೆಂಡರ್ ಅಕ್ಕ ಸ್ಟಾಫ್ ರೂಮಿನ ಬಾಗಿಲ ಬಳಿ ನಿಂತುಕೊಂಡೇ ಕಾಫಿ ಕುಡಿಯುತ್ತಿದ್ದಳು. ಇವರು ಒಂದು ದಿನ ತಮ್ಮ ಲೋಟ ಎತ್ತಿಕೊಂಡು ಹೋಗಿ ಅವಳ ಪಕ್ಕ ನಿಂತು ಕುಡಿಯತೊಡಗಿದರು. ಹೀಗೇ ಒಂದು ವಾರ ನಡೆಯಿತು. ನಮಗೆಲ್ಲ ಮುಳ್ಳಿನ ಮೇಲೆ ಕೂತ ಹಾಗೆ. ಕೊನೆಗೆ ಆ ಅಕ್ಕನೇ ಸಿಡುಕಿದಳು: “ಮೇಡಂ, ನೀವಿಲ್ಲಿ ನಿಂತ್ರೆ ನಂಗೆ ಗಂಟ್ಲಲ್ಲಿ ಕಾಫಿ ಇಳಿಯಲ್ಲ. ಇದೊಂದ್ ಹತ್ತು ನಿಮಿಷ ನಂಗೆ ಯಾರೂ ಕೆಲ್ಸ ಹೇಳಲ್ಲ, ಅದಕ್ಕೇ ಇಲ್ಲಿ ನಿಲ್ಲೋದು. ಹೋಗಿ ಕೂತ್ಕೊಳ್ಳಿ.” ಮೇಡಂ ತೆಪ್ಪಗೆ ಬಂದು ಕೂತರು. ನೋಟ್‌ಬುಕ್ ತೆಗೆದು ಬಲಗಡೆಯ ಪುಟದಲ್ಲಿ ಒಂದು ಸಾಲು ಹೊಡೆದುಹಾಕಿದರು. ಆಮೇಲೆ ಆ ಹತ್ತು ನಿಮಿಷದಲ್ಲಿ ನಮ್ಮಲ್ಲಿ ಯಾರಾದರೂ ಅಕ್ಕನನ್ನು ಕೂಗಿದರೆ ಇವರು ತಲೆಯೆತ್ತಿ ನೋಡುತ್ತಿದ್ದರು. ಆ ನೋಟಕ್ಕೆ ಕೂಗುವುದು ನಿಂತುಹೋಯಿತು.

ಬನಶಂಕರಿಯ ಛತ್ರದಲ್ಲಿ ನನ್ನ ಮಗಳ ಮದುವೆ ನಡೆದಾಗಲೂ ಬಂದಿದ್ದರು. ಹೋಳಿಗೆ ಹೊಗಳುತ್ತಾರೆಂದು ಪಕ್ಕದಲ್ಲಿ ನಿಂತರೆ, “ಕೊನೇ ಪಂಕ್ತೀಲಿ ಯಾರ್ಯಾರು ಕೂತ್ಕೊತಾರೆ ಸಾರ್?” ಎಂದರು. ನನ್ನ ಹೆಂಡತಿಗೆ ಅವರನ್ನು ಕಂಡರಾಗುತ್ತಿರಲಿಲ್ಲ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಯಾಕೆಂದರೆ ಇದರಲ್ಲಿ ನನ್ನ ಮಾನ ಹೋಗುತ್ತದೆ.

ಮೂರು ವರ್ಷದ ಹಿಂದಿನ ಮಾತು. ಬಿ.ಕಾಂ. ಎರಡನೇ ಸೆಮಿಸ್ಟರಿನ ಮ್ಯಾನೇಜ್‌ಮೆಂಟ್ ಪತ್ರಿಕೆ ತಿದ್ದುತ್ತಿದ್ದೆ. ಸಂಸ್ಥೆಯೊಂದರಲ್ಲಿ ಅಧಿಕಾರ ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವುದಕ್ಕೆ ನಮ್ಮ ಪಠ್ಯದಲ್ಲಿ ‘ಸ್ಕೇಲರ್ ಚೈನ್’ ಎನ್ನುತ್ತಾರೆ. ಒಬ್ಬಳು ಅದನ್ನು ಇಂಗ್ಲಿಷಿನಲ್ಲಿ ‘ಸ್ಕಾಲರ್ ಚೈನ್’, ಅಂದರೆ ವಿದ್ವಾಂಸರ ಸರಪಳಿ, ಎಂದು ಬರೆದು, ‘ಹೆಚ್ಚು ಓದಿದವರು ಮೇಲೆ ಇರುತ್ತಾರೆ, ಕಡಿಮೆ ಓದಿದವರು ಕೆಳಗೆ ಇರುತ್ತಾರೆ, ಮಧ್ಯದವರನ್ನು ದಾಟಿ ಹೋಗಬಾರದು’ ಎಂದು ವಿವರಿಸಿದ್ದಳು. ನಕ್ಕು ಸೊನ್ನೆ ಹಾಕಿದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಪತ್ರಿಕೆಯಲ್ಲಿ ಅದೇ ಸ್ಕಾಲರ್, ಅದೇ ವಿವರಣೆ. ಒಟ್ಟು ಐದು ಪತ್ರಿಕೆ, ಒಂದಕ್ಷರ ಆಚೀಚೆ ಇಲ್ಲ. ನಗು ಹೋಗಿ ಕೆಂಡವಾದೆ.

ಐವರೂ ಉತ್ತರ ಕರ್ನಾಟಕದಿಂದ ಬಂದ ಹುಡುಗಿಯರು. ಬಿಟಿಎಂ ಲೇಔಟಿನಲ್ಲಿ ಒಂದೇ ರೂಮು ಮಾಡಿಕೊಂಡಿದ್ದರು. ಬೆಳಗ್ಗೆ ಏಳರಿಂದ ಹನ್ನೊಂದರವರೆಗೆ ನಮ್ಮ ಕಾಲೇಜು, ಆಮೇಲೆ ಬಟ್ಟೆ ಅಂಗಡಿ, ಆಸ್ಪತ್ರೆಯ ರಿಸೆಪ್ಶನ್, ಅಂಥ ಕಡೆ ಕೆಲಸ. ಕರೆಸಿ ನಿಲ್ಲಿಸಿ ಕೇಳಿದೆ: “ಎಲ್ಲಿಂದ ಕಾಪಿ ಹೊಡೆದ್ರಿ?” ಐವರೂ ತಲೆ ತಗ್ಗಿಸಿದರು. ಬಾಯಿ ಬಿಡಲಿಲ್ಲ. ಅಷ್ಟು ಸಾಕಾಯಿತು ನನಗೆ. ಸಾಮೂಹಿಕ ನಕಲು ಎಂದು ದೂರು ಬರೆದುಕೊಟ್ಟೆ. ಸಾಬೀತಾದರೆ ಸೆಮಿಸ್ಟರಿನ ಎಲ್ಲ ಪತ್ರಿಕೆಯೂ ರದ್ದು, ಒಂದು ವರ್ಷ ಪರೀಕ್ಷೆ ಬರೆಯುವಂತಿಲ್ಲ.

ವಿಚಾರಣಾ ಸಮಿತಿಯಲ್ಲಿ ಮೂವರು: ಪ್ರಿನ್ಸಿಪಾಲರು, ಆಡಳಿತ ಮಂಡಳಿಯ ಒಬ್ಬ ಹಿರಿಯರು, ಮತ್ತೆ ಈ ಮೇಡಂ. ಸೋಮವಾರ ಬೆಳಗ್ಗೆ ಸಭೆ. ಶನಿವಾರ ಅವರು ನನ್ನ ಮೇಜಿನ ಹತ್ತಿರ ಬಂದರು.

“ಸಾರ್, ಕಾಪಿ ಹೊಡೆಯೋರು ಸರಿ ಉತ್ತರ ನೋಡಿ ಹೊಡೀತಾರೆ. ಈ ತಪ್ಪು ಉತ್ತರ ಎಲ್ಲಿತ್ತು?”

“ಎಲ್ಲಾದ್ರೂ ಇರ್ಲಿ ಮೇಡಂ. ಅವರೇ ಸುಮ್ನೆ ನಿಂತ್ರಲ್ಲ.”

“ಸುಮ್ನೆ ನಿಂತಿದ್ದು ಎಡಗಡೆ ಪುಟ. ಒಪ್ಕೊಂಡ್ರು ಅನ್ನೋದು ನಿಮ್ಮ ಬಲಗಡೆ ಪುಟ.” ಕನ್ನಡಕ ಒರೆಸತೊಡಗಿದರು. “ನಾಳೆ ಅವರ ರೂಮಿಗೆ ಹೋಗ್ಬರ್ತೀನಿ. ಹೇಗೆ ಓದ್ತಾರೆ ನೋಡ್ಬೇಕು. ನೀವೂ ಬನ್ನಿ.”

ಹೋಗುವ ಮನಸ್ಸಿರಲಿಲ್ಲ. ಆದರೆ ಇವರೊಬ್ಬರೇ ಹೋಗಿ ಏನಾದರೂ ಹೇಳಿಕೊಟ್ಟು ಬಂದರೆ ಎಂಬ ಅನುಮಾನ. ಭಾನುವಾರ ಹತ್ತು ಗಂಟೆಗೆ ಇಬ್ಬರೂ ಆಟೋ ಹತ್ತಿದೆವು.

ಬಿಟಿಎಂನ ಆ ಗಲ್ಲಿಯಲ್ಲಿ ಎರಡು ಬೈಕು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕು. ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆ ಕಟ್ಟೆ. ನನ್ನನ್ನು ಬಾಗಿಲಲ್ಲಿ ಕಂಡು ಹುಡುಗಿಯರು ಗಡಬಡಿಸಿ ಎದ್ದು ನಿಂತರು. “ಬರ್ರಿ ಸರ್, ಬರ್ರಿ ಮೇಡಂ” ಎಂದು ಚಾಪೆ ಹಾಸಿದಳು ಬಾದಾಮಿ ಕಡೆಯ ಹುಡುಗಿ. ಐವರಲ್ಲಿ ಮುಂದಾಳು ಅವಳೇ ಎಂದು ನೋಡಿದರೇ ತಿಳಿಯುತ್ತಿತ್ತು. ಚಹಾ ಮಾಡುತ್ತಲೇ ಮೇಡಂ ಹತ್ತಿರ ಮೆಲ್ಲಗೆ ಹೇಳಿದಳು: “ಕಾಲೇಜಿಂದ ನಮ್ಮಪ್ಪಗ ಫೋನ್ ಹೋಗೇತ್ರಿ. ನಾಳೆ ಮುಂಜಾನೆ ಬರಾತಾನ. ವರ್ಷ ಹೋತಂದ್ರ ನನ್ನ ಕರಕೊಂಡು ಹೋಗಾವ್ರಿ. ಮತ್ತ ಕಳಸಂಗಿಲ್ರಿ.”

ಮೇಡಂ ಅವಳಿಗೆ ಸಮಾಧಾನದ ಮಾತು ಹೇಳಲಿಲ್ಲ. “ನೀವು ದಿನಾ ಹೇಗೆ ಓದ್ತೀರಮ್ಮಾ? ಹೇಳ್ಬೇಡಿ, ಓದಿ ತೋರ್ಸಿ” ಎಂದರು.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬಳು ಹಿಟ್ಟು ಕಲಸಲು ಕೂತಳು, ಇನ್ನೊಬ್ಬಳು ಲಟ್ಟಿಸಲು, ಮತ್ತಿಬ್ಬರು ಕಾಯಿಪಲ್ಲೆ ಹೆಚ್ಚಲು. ಬಾದಾಮಿಯ ಹುಡುಗಿ ಗೋಡೆಗೆ ಒರಗಿ ನಿಂತು ಒಂದು ಸಾಲು ಹೇಳಿದಳು. ನಾಲ್ವರೂ ಕೈಕೆಲಸ ಬಿಡದೆ ಅದನ್ನೇ ತಿರುಗಿ ಹೇಳಿದರು. ಮತ್ತೊಂದು ಸಾಲು, ಮತ್ತೆ ನಾಲ್ಕು ದನಿ. ‘ಸ್ಕಾಲರ್ ಚೈನ್’ ಬಂತು, ಹೆಚ್ಚು ಓದಿದವರು ಮೇಲೆ ಬಂದರು, ಕಡಿಮೆ ಓದಿದವರು ಕೆಳಗೆ ಬಂದರು. ಪತ್ರಿಕೆಯಲ್ಲಿ ಇದ್ದಂತೆಯೇ, ಒಂದಕ್ಷರ ಆಚೀಚೆ ಇಲ್ಲದೆ.

“ಯಾರು ಕಲ್ಸಿದ್ದು ಹಿಂಗೆ?”

“ಯಾರೂ ಇಲ್ರಿ ಮೇಡಂ. ನಮ್ಮವ್ವ ಸೋಬಾನ ಪದ ಹಾಡ್ತಾಳ್ರಿ. ಆಕಿ ಮುಂದ ಹೇಳ್ತಾಳ, ಉಳದಾವ್ರು ಹಿಂದ ಹೇಳ್ತಾರ. ನಮಗ ಓದಾಕಂತ ಬ್ಯಾರೆ ಟೈಮ್ ಎಲ್ಲೈತ್ರಿ?”

ನಕಲು ಅಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಆದರೆ ಸೋಲೊಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. “ಅದೆಲ್ಲ ಸರಿ, ಆ ಸ್ಕಾಲರ್ ಅನ್ನೋದು ಯಾವ ದರಿದ್ರ ಗೈಡಲ್ಲಿದೆ?” ಎಂದೆ.

ಹಿಟ್ಟು ಕಲಸುತ್ತಿದ್ದವಳ ಕೈ ನಿಂತಿತು. ಮೇಡಂ ನನ್ನ ಕಡೆ ತಿರುಗಿದರು. “ಬೈಯಲ್ಲ ಅಂತ ಹೇಳಿ ಸಾರ್.”

“ಬೈಯಲ್ಲ.”

ಬಾದಾಮಿಯ ಹುಡುಗಿ ಫೋನು ತೆಗೆದಳು. ಒಂದು ರೆಕಾರ್ಡಿಂಗ್ ಹಚ್ಚಿದಳು. ನನ್ನ ತರಗತಿಯಲ್ಲಿ ಫೋನು ಕಂಡರೆ ಕಿತ್ತಿಟ್ಟುಕೊಳ್ಳುವವನು ನಾನು. ಅದಕ್ಕೇ ಅವರು ಅವತ್ತು ಬಾಯಿ ಬಿಟ್ಟಿರಲಿಲ್ಲ. ಮೊದಲು ನಮ್ಮ ತರಗತಿಯ ಫ್ಯಾನಿನ ಕಿರ್ ಕಿರ್ ಕೇಳಿಸಿತು. ಆಮೇಲೆ ನನ್ನ ದನಿ.

“ಬರ್ಕೊಳ್ಳಿ. ಸ್ಕಾಲರ್ ಚೈನ್. ಈಗ ನಮ್ ಕಾಲೇಜೇ ತಗೊಳ್ಳಿ. ಮೇಲೆ ಪ್ರಿನ್ಸಿಪಾಲ್ರು, ಡಾಕ್ಟರೇಟು. ಕೆಳಗೆ ನಾವು, ಎಂ.ಕಾಂ. ಅದರ ಕೆಳಗೆ ಕ್ಲರ್ಕು, ಪಿಯುಸಿ. ಕೊನೇಗೆ ಅಟೆಂಡರು. ಒಬ್ಬರನ್ನ ದಾಟಿ ಇನ್ನೊಬ್ಬರ ಹತ್ರ ಹೋಗಂಗಿಲ್ಲ.”

ಸ್ಕೇಲರ್ ಎಂಬುದನ್ನು ಅಕ್ಷರ ನೋಡಿ ಸ್ಕಾಲರ್ ಎಂದೇ ಓದಿಕೊಂಡವನು ನಾನು. ಬರೆಯುವಾಗ ಸರಿ, ಹೇಳುವಾಗ ತಪ್ಪು. ಬೋರ್ಡಿನ ಮೇಲೆ ಬರೆದಿದ್ದರೆ ಯಾರಿಗೂ ಗೊಂದಲ ಆಗುತ್ತಿರಲಿಲ್ಲ. ಆದರೆ ಸೀಮೆಸುಣ್ಣ ಮುಟ್ಟದೆ ಪುಟಗಟ್ಟಲೆ ಬಾಯಲ್ಲೇ ಬರೆಸುತ್ತೇನೆ ಎಂಬ ಹಮ್ಮು ನನ್ನದು. ಪುಸ್ತಕ ಇದ್ದ ಮಕ್ಕಳು ಅದರಲ್ಲಿ ನೋಡಿ ಸರಿಮಾಡಿಕೊಂಡಿದ್ದರು. ಕನ್ನಡ ಮಾಧ್ಯಮದಿಂದ ಬಂದ ಈ ಐವರು ಕೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಗೀಚಿಕೊಂಡು, ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿದ್ದರು. ಸ್ಕಾಲರ್ ಎಂದರೆ ಓದಿದವನು. ಉದಾಹರಣೆಯನ್ನೂ ನಾನೇ ಕೊಟ್ಟಿದ್ದೆನಲ್ಲ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮೇಡಂ ಚಹಾ ಮುಗಿಸಿ, ಲೋಟವನ್ನು ತಾವೇ ತೊಳೆದಿಟ್ಟು, “ಬರ್ತೀವಮ್ಮಾ” ಎಂದರು.

ಮೆಟ್ಟಿಲಿಳಿಯುವಾಗ ಒಂದೇ ಮಾತು ಹೇಳಿದರು. “ತಪ್ಪು ಬರ್ದಿದಾರೆ ಸಾರ್. ಸುಳ್ಳಂತೂ ಬರ್ದಿಲ್ಲ.”

ಮುಖ್ಯ ರಸ್ತೆಗೆ ಬಂದ ಮೇಲೆ ನಾನೇ ಮಾತು ತೆಗೆದೆ. “ನಾಳೆ ನೀವೇ ಹೇಳ್ಬಿಡಿ ಮೇಡಂ. ನೀವು ಸಮಿತೀಲಿ ಇದೀರಲ್ಲ.”

“ನಾನು ಹೇಳಿದ್ರೆ ಅದು ಇಬ್ರು ಲೆಕ್ಚರರ್ ಜಗಳ ಆಗತ್ತೆ. ಹುಡುಗೀರು ಮಧ್ಯೆ ಸಿಕ್ಕಿ ಅಪ್ಪಚ್ಚಿ ಆಗ್ತಾರೆ. ಫೋನ್ ತಂದಿದ್ದು ಯಾಕೆ ಅಂತ ಇನ್ನೊಂದು ಕೇಸ್ ಹಾಕ್ತಾರೆ. ಪಾಠ ನಿಮ್ದು, ನೀವೇ ಹೇಳ್ಬೇಕು. ನೀವು ಹೇಳ್ದೇ ಇದ್ರೆ ನಾನು ಬಿಡಲ್ಲ. ಆದ್ರೆ ಆಗ ಅದು ಇಷ್ಟು ಸಲೀಸಾಗಿ ಮುಗಿಯಲ್ಲ.” ಇಷ್ಟು ಹೇಳಿ ಜೆ.ಪಿ. ನಗರದ ಬಸ್ಸು ಹತ್ತಿ ಹೋಗಿಬಿಟ್ಟರು.

ಸೋಮವಾರ ಕಾಲೇಜಿನ ಕಾರಿಡಾರಿನ ಬೆಂಚಿನ ತುದಿಯಲ್ಲಿ ಒಬ್ಬ ವ್ಯಕ್ತಿ ಕೂತಿದ್ದ. ಕಾಲ ಬಳಿ ಕೈಚೀಲ, ತಲೆಗೆ ಟೋಪಿ. ನನ್ನನ್ನು ಕಂಡು ಎದ್ದು ನಿಂತು ಕೈಮುಗಿದ. ಅವಳ ಅಪ್ಪನೇ ಎಂದು ತಿಳಿಯಿತು. ನಾನು ವಾಪಸ್ ಕೈಮುಗಿಯಲಾರದೆ ಒಳಗೆ ಹೋದೆ. ಬೆಳಗ್ಗೆಯಿಂದ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ‘ಮಾನವೀಯತೆಯ ದೃಷ್ಟಿಯಿಂದ’ ಎಂದೋ, ‘ಅನುಮಾನದ ಲಾಭ ಕೊಡೋಣ’ ಎಂದೋ ಹೇಳಿದರೆ ಹುಡುಗಿಯರೂ ಉಳಿಯುತ್ತಾರೆ, ನನ್ನ ಹೆಸರೂ ಉಳಿಯುತ್ತದೆ. ಮೇಷ್ಟ್ರಾದ ಇಪ್ಪತ್ತಾರು ವರ್ಷದಿಂದ ತಪ್ಪು ಹೇಳುತ್ತ ಬಂದೆ ಎಂದು ಪ್ರಿನ್ಸಿಪಾಲರ ಎದುರು ಯಾವ ಬಾಯಲ್ಲಿ ಹೇಳುವುದು?

ಮೊದಲು ಬಾದಾಮಿಯ ಹುಡುಗಿಯನ್ನೇ ಕರೆದರು. ಮೇಡಂ ನೋಟ್‌ಬುಕ್ ಬಿಚ್ಚಿಟ್ಟುಕೊಂಡಿದ್ದರು. ನಾನು ಮೇಜಿನ ಗಾಜು ನೋಡುತ್ತ ಕೂತಿದ್ದೆ.

“ಐದೂ ಜನದ ಉತ್ತರ ಒಂದೇ ಥರ ಇದೆ. ಎಲ್ಲಿಂದ ಬಂತಮ್ಮಾ?” ಎಂದರು ಪ್ರಿನ್ಸಿಪಾಲರು.

ಅವಳು ನನ್ನತ್ತ ನೋಡಿದಳು. ನಾನು ತಲೆ ಎತ್ತಲಿಲ್ಲ.

“ನಾವು ಕಾಪಿ ಮಾಡೇವ್ರಿ ಸರ್” ಎಂದಳು. “ತಪ್ಪಾತ್ರಿ.”

ಆಡಳಿತ ಮಂಡಳಿಯವರು ನಿಟ್ಟುಸಿರು ಬಿಟ್ಟರು, ಕೆಲಸ ಸಲೀಸಾಯಿತು ಎಂಬಂತೆ. ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ತೆಗೆದರು. ಮೇಡಂ ಮಾತ್ರ ಹುಡುಗಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಬೈಗುಳವಿಲ್ಲ, ಬೇಡಿಕೆಯಿಲ್ಲ. ಸುಮ್ಮನೆ, ಹೂವಿನ ಸಾಲಿನಲ್ಲಿ ನಿಂತು ನೋಡುವ ಹಾಗೆ. ಅವರು ಬಾಯಿ ತೆರೆಯುವುದರಲ್ಲಿದ್ದರು.

“ಸಾರ್, ಈ ಹುಡುಗಿ ಸುಳ್ಳು ಹೇಳ್ತಿದಾಳೆ” ಎಂದೆ.

ಹುಡುಗಿ ಬೆಚ್ಚಿಬಿದ್ದಳು. “ಇನ್ನೂ ಏನಾದ್ರೂ ಮಾಡಿದಾರಾ?” ಎಂದರು ಆಡಳಿತ ಮಂಡಳಿಯವರು.

“ಮಾಡಿದ್ದು ನಾನು. ಆ ಪದ ನಾನು ಹೇಳ್ಕೊಟ್ಟಿದ್ದು. ಉದಾಹರಣೇನೂ ನಂದೇ. ಅವರು ನಾನು ಹೇಳಿದ್ದನ್ನ ಒಂದಕ್ಷರ ಬಿಡದೆ ಕಲ್ತಿದಾರೆ, ಅಷ್ಟೇ. ನನ್ನ ದೂರು ವಾಪಸ್ ತಗೋತೀನಿ.”

ಆಡಳಿತ ಮಂಡಳಿಯ ಹಿರಿಯರು ಕಣ್ಣು ಪಿಳುಕಿಸಿ, “ಅದು ಸ್ಕಾಲರ್ರೇ ಅಲ್ವಾ ಸಾರ್? ನಾವೂ ಹಾಗೇ ಓದಿದ್ದು” ಎಂದರು. ಪ್ರಿನ್ಸಿಪಾಲರು ದೂರಿನ ಹಾಳೆಯನ್ನು ನನ್ನ ಕಡೆ ತಳ್ಳಿದರು. ಅದರ ಮೇಲೆ ‘ಹಿಂಪಡೆದಿದ್ದೇನೆ’ ಎಂದು ಬರೆದು ಸಹಿ ಹಾಕಿದೆ. ಹುಡುಗಿ ಹೊರಗೆ ಹೋದಳು. ಅಪ್ಪನಿಗೆ ಏನು ಹೇಳಿದಳೋ, ಕಿಟಕಿಯಲ್ಲಿ ನೋಡಿದರೆ ಅವನು ಕೈಚೀಲ ಎತ್ತಿಕೊಂಡು ಒಬ್ಬನೇ ಗೇಟು ದಾಟುತ್ತಿದ್ದ. ಅವಳು ಹಿಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

ಕಾರಿಡಾರಿನಲ್ಲಿ ಮೇಡಂ ಸಿಕ್ಕರು. ಸುಳ್ಳೇಕೆ ಹೇಳಲಿ, ಒಂದು ಒಳ್ಳೆಯ ಮಾತಿಗಾಗಿ ಕಾಯುತ್ತಿದ್ದೆ. ನಾನೇ ಶುರುಮಾಡಿದೆ: “ನೋಡಿ ಮೇಡಂ, ನನ್ನ ಮರ್ಯಾದೆ ಉಳಿಸಕ್ಕೆ ತನ್ನ ತಲೆ ಮೇಲೆ ಹಾಕ್ಕೊಂಡ್ಲು. ಎಂಥಾ ಒಳ್ಳೇ ಹುಡುಗಿ.”

ಅವರ ದನಿ ಇಳಿಯಿತು. “ಒಳ್ಳೇ ಹುಡುಗಿ ಅಂದು ಮುಗಿಸ್ಬೇಡಿ ಸಾರ್. ಒಂದು ವರ್ಷ ಹೋದ್ರೂ ಪರವಾಗಿಲ್ಲ, ನಿಮ್ಮ ಹೆಸರು ಹೇಳೋದಕ್ಕಿಂತ ಅದೇ ವಾಸಿ ಅಂತ ಅವಳಿಗೆ ಯಾಕೆ ಅನ್ನಿಸ್ತು? ಯೋಚ್ನೆ ಮಾಡಿ. ಉತ್ತರ ಗೊತ್ತಾದ್ರೆ ನಂಗೂ ಹೇಳಿ.”

ಹೇಳಲಿಲ್ಲ. ಮರುವರ್ಷ ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ನಾನೂ ಮೈಕಿನ ಮುಂದೆ ಏನೇನೋ ಹೊಗಳಿ ಕೂತೆ. ಉತ್ತರ ಅಷ್ಟರಲ್ಲೇ ಗೊತ್ತಾಗಿತ್ತು. ಆ ಹುಡುಗಿಗೆ ನನ್ನ ಮೇಲೆ ಇದ್ದದ್ದು ಭಯ. ಇಪ್ಪತ್ತಾರು ವರ್ಷ ನಾನು ಅದನ್ನು ಗೌರವ ಎಂದುಕೊಂಡು ಬದುಕಿದ್ದೆ.